ಜನ್ಮಪಾಪಾನೂ ನಂಬ್ತೀನಿ, ಎವಲ್ಯೂಷನ್ನೂ ಒಪ್ತೀನಿ: ಎರಡನ್ನೂ ಒಟ್ಟಿಗೆ ಯೋಚಿಸೋದು ಹೇಗೆ

ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ಎವಲ್ಯೂಷನ್ ಪಾಠ ಬರೋ ಹೊತ್ತಿಗೆ ನಮ್ಮ ಚರ್ಚ್ ಹುಡುಗ ಹುಡುಗೀರಿಗೆ ಈ ಪ್ರಶ್ನೆ ಶುರುವಾಗತ್ತೆ. ಮನುಷ್ಯ ಬೇರೆ ಜೀವಿಗಳಿಂದ ನಿಧಾನಕ್ಕೆ ಬಂದಿದ್ದಾದ್ರೆ ಆದಾಮ ಯಾರು, ಆದಾಮ ಇರಲಿಲ್ಲ ಅಂದ್ರೆ ಪಾಪ ಎಲ್ಲಿಂದ ಬಂತು, ಪಾಪ ಹಾಗೆ ಬರಲಿಲ್ಲ ಅಂದ್ರೆ ಯೇಸು ಶಿಲುಬೆ ಮೇಲೆ ಸತ್ತಿದ್ದು ಯಾತಕ್ಕೆ. ಕೇಳಿದವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗತ್ತೆ. "ಅದೆಲ್ಲ ಸುಳ್ಳು, ಪರೀಕ್ಷೇಲಿ ಬರೆದು ಮರೆತುಬಿಡು" ಅಂತ ಒಬ್ಬರು, "ಆದಾಮ ಹವ್ವ ಬರೀ ಕತೆ, ತಲೆ ಕೆಡಿಸ್ಕೋಬೇಡ" ಅಂತ ಇನ್ನೊಬ್ಬರು. ಮೊದಲನೇದು ಮಗುಗೆ ನಂಬದೇ ಇರೋದನ್ನ ಬರೆಯೋಕೆ ಕಲಿಸತ್ತೆ, ಎರಡನೇದು ಪಾಪ ಅನ್ನೋ ಮಾತನ್ನೇ ಹಗುರ ಮಾಡಿಬಿಡತ್ತೆ, ಹಾಗಾಗಿ ನನಗೆ ಎರಡೂ ಬೇಡ.

ಇದನ್ನ ಬರೀತಿರೋದು ಸಂಡೇ ಸ್ಕೂಲ್, ಕ್ಯಾಟೆಕಿಸಂ, ಯೂತ್ ಗ್ರೂಪ್ ನಡೆಸೋರಿಗೆ, ಮಕ್ಕಳ ಪ್ರಶ್ನೆಗೆ ನಿಂತ್ಕೊಂಡು ಉತ್ತರ ಕೊಡಬೇಕು ಅನ್ನೋ ಅಪ್ಪ ಅಮ್ಮಂದಿರಿಗೆ, ಆಮೇಲೆ ಸ್ವತಃ ಆ ಪ್ರಶ್ನೆ ಹೊತ್ಕೊಂಡು ಓಡಾಡ್ತಿರೋ ಸ್ಟೂಡೆಂಟ್ಸ್‌ಗೆ. ಆದಿಕಾಂಡದ ಮೊದಲ ಐದು ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ, ಒಂದು ನೋಟ್‌ಬುಕ್, ಇಷ್ಟು ಎದುರಿಗಿದ್ರೆ ಸಾಕು.

ಮೊದಲು: ಜನ್ಮಪಾಪ ಅಂದ್ರೆ ಸಭೆ (ಅಂದ್ರೆ ಚರ್ಚ್) ನಿಜಕ್ಕೂ ಏನು ಹೇಳತ್ತೆ, ಬಿಡಿಸಿ ಬರ್ಕೊಳ್ಳಿ

ಜಗಳ ಆಗೋದೇ ಇಲ್ಲಿ. ಜನ್ಮಪಾಪ ಅಂದ ತಕ್ಷಣ ನಮ್ಮ ತಲೇಲಿ ಏಳೆಂಟು ವಿಷಯ ಒಟ್ಟಿಗೆ ಬರತ್ತೆ: ತೋಟ, ಹಾವು, ಹಣ್ಣು, ಇಬ್ಬರೇ ಇಬ್ಬರು ಜನ, ಅವರ ಅಪರಾಧ ನಮ್ಮ ತಲೆ ಮೇಲೆ, ಸಾವು, ಹೆರಿಗೆ ನೋವು. ಇವೆಲ್ಲ ಒಂದೇ ತೂಕದವಲ್ಲ. ನೋಟ್‌ಬುಕ್‌ನಲ್ಲಿ ಒಂದೊಂದಾಗಿ ಬೇರೆ ಬೇರೆ ಬರ್ಕೊಂಡು, ಯಾವುದನ್ನ ಎಲ್ಲಾ ಸಭೆಗಳೂ ಒಪ್ತವೆ, ಯಾವುದು ಒಂದು ಕಾಲದ ಒಬ್ಬ ಗುರುವಿನ ವಿವರಣೆ ಅಂತ ಗುರುತು ಹಾಕ್ಕೊಳ್ಳಿ. ಹಾಗೆ ಮಾಡಿದ್ರೆ ಬಿಟ್ಟುಕೊಡೋಕೆ ಆಗದ ಮಾತು ಮೂರೇ ಮೂರು ಉಳಿಯತ್ತೆ. ದೇವರು ಪಾಪವನ್ನ ಸೃಷ್ಟಿ ಮಾಡಲಿಲ್ಲ, ಅದು ಮನುಷ್ಯ ದೇವರಿಂದ ಮುಖ ತಿರುಗಿಸಿದ್ದರಿಂದ ಬಂತು. ಅದು ಎಲ್ಲರನ್ನೂ ಹಿಡಿದಿದೆ, ಹುಟ್ಟೋವಾಗ್ಲೇ ಆ ಸ್ಥಿತಿಯಲ್ಲಿ ಹುಟ್ತೀವಿ. ನಮ್ಮ ಸ್ವಂತ ಪ್ರಯತ್ನದಿಂದ ಅದರಿಂದ ಹೊರಗೆ ಬರೋಕಾಗಲ್ಲ, ಕ್ರಿಸ್ತನ ಕೃಪೆ ಬೇಕು.

ಉಳಿದಿದ್ದರಲ್ಲಿ ಸಭೆಗಳ ಮಧ್ಯೆ ಮೊದಲಿಂದಲೂ ವ್ಯತ್ಯಾಸ ಇದೆ. ಎರಡನೇ ಶತಮಾನದಲ್ಲಿ ಲಿಯೋನ್‌ನ ಬಿಷಪ್ ಆಗಿದ್ದ ಇರೆನೇಯಸ್, ಆದಾಮ ಹವ್ವರನ್ನ ಪರಿಪೂರ್ಣ ಮನುಷ್ಯರು ಅಂತ ನೋಡಲೇ ಇಲ್ಲ, ಅವರು ಇನ್ನೂ ಮಕ್ಕಳ ಹಾಗಿದ್ರು, ಬೆಳೀಬೇಕಿತ್ತು, ಬೆಳೆಯೋ ದಾರೀಲಿ ಎಡವಿದ್ರು ಅಂತ ಬರೆದ. ಈಗಿನ ಅಲ್ಜೀರಿಯಾದಲ್ಲಿರೋ ಹಿಪ್ಪೋದ ಬಿಷಪ್ ಅಗಸ್ಟೀನ್ (354–430) ಹೇಳಿದ್ದು ಇನ್ನೂ ಗಟ್ಟಿ: ಆದಾಮನಲ್ಲಿ ನಾವೆಲ್ಲರೂ ಇದ್ವಿ, ಅವನ ಅಪರಾಧವೂ ಹುಟ್ಟಿನ ಮೂಲಕ ನಮಗೆ ಇಳಿದು ಬರತ್ತೆ ಅಂತ. ಪಶ್ಚಿಮದ ಸಭೆ, ಅಂದ್ರೆ ಕಥೋಲಿಕರು, ಆಮೇಲೆ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್, ಅಗಸ್ಟೀನನ ದಾರೀಲೇ ನಡೆದ್ರು. ಪೂರ್ವದ ಆರ್ಥಡಾಕ್ಸ್ ಸಭೆಗಳು ಹಾಗೆ ಹೇಳಲ್ಲ, ಮೊದಲ ಪಾಪದಿಂದ ನಮಗೆ ಬಂದಿದ್ದು ಸಾವು ಮತ್ತು ಕೆಡುಕಿನ ಕಡೆ ವಾಲೋ ಸ್ವಭಾವ, ಅಪರಾಧ ಅಲ್ಲ ಅಂತಾರೆ. 1992ರ ಕಥೋಲಿಕ ಧರ್ಮೋಪದೇಶದ (ಕ್ಯಾಟೆಕಿಸಂ ಪುಸ್ತಕದ) 404ನೇ ಪ್ಯಾರಾ ಕೂಡ ಇದನ್ನ ಎಚ್ಚರಿಕೆಯಿಂದ ಹೇಳತ್ತೆ, ಜನ್ಮಪಾಪವನ್ನ ಪಾಪ ಅನ್ನೋದು ಹೋಲಿಕೆಯ ಅರ್ಥದಲ್ಲಿ ಮಾತ್ರ, ಅದು ನಾವು ಮಾಡಿದ್ದಲ್ಲ, ನಮಗೆ ಬಂದಿದ್ದು, ಅದು ಒಂದು ಕೃತ್ಯ ಅಲ್ಲ, ಒಂದು ಸ್ಥಿತಿ ಅಂತ. ಅಜ್ಜ ಜಮೀನು ಕಳ್ಕೊಂಡ್ರೆ ಮೊಮ್ಮಗ ಜಮೀನಿಲ್ಲದೆ ಹುಟ್ತಾನೆ, ಅವನು ಏನೂ ತಪ್ಪು ಮಾಡಿಲ್ಲ, ಆದ್ರೂ ಅವನಿಗೆ ಜಮೀನಿಲ್ಲ, ಅಲ್ವಾ? ಹೆಚ್ಚುಕಮ್ಮಿ ಆ ಅರ್ಥ.

ಈ ಒಂದು ಪುಟ ಬರೆಯೋಕೆ ಒಂದು ಸಂಜೆ ಪೂರ್ತಿ ಹಿಡಿದ್ರೂ ಪರವಾಗಿಲ್ಲ. ಯಾಕಂದ್ರೆ ಎವಲ್ಯೂಷನ್ ತಾಕೋದು ಈ ಪಟ್ಟಿಯ ಕೆಲವು ಸಾಲಿಗೆ ಮಾತ್ರ, ಮೇಲಿನ ಮೂರಕ್ಕೆ ಅಲ್ಲ.

ಆದಿಕಾಂಡ 3 ಮತ್ತು 4ನ್ನ ಗೊತ್ತಿಲ್ಲದವರ ಹಾಗೆ ಓದಿ

ನಮಗೆ ಈ ಕತೆ ಫ್ಲಾನೆಲ್ ಬೋರ್ಡ್ ಚಿತ್ರಗಳಲ್ಲಿ ಬಾಯಿಪಾಠ ಆಗಿರೋದ್ರಿಂದ ಅಲ್ಲಿ ಏನಿದೆ ಅಂತ ನೋಡೋದೇ ಇಲ್ಲ. ನಿಧಾನಕ್ಕೆ ಓದಿದ್ರೆ ಕಾಣೋದು: ಹಣ್ಣು ಯಾವುದು ಅಂತ ಹೇಳಿಲ್ಲ, ಸೇಬು ಅಂತ ಎಲ್ಲೂ ಇಲ್ಲ. ಸರ್ಪ ಶುರು ಮಾಡೋದು ಒಂದು ಪ್ರಶ್ನೆಯಿಂದ, ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದು ಅಂತ ದೇವರು ಹೇಳಿದ್ದು ನಿಜಾನಾ ಅಂತ. ದೇವರು ಹೇಳಿದ್ದು ಒಂದೇ ಮರದ ಬಗ್ಗೆ, ಸರ್ಪ ಅದನ್ನ ಎಲ್ಲಾ ಮರ ಅಂತ ಹಿಗ್ಗಿಸತ್ತೆ. ಹವ್ವ ಅದನ್ನ ತಿದ್ದುತ್ತಾಳೆ, ಆದ್ರೆ "ಮುಟ್ಟಲೂ ಬಾರದು" ಅಂತ ತಾನೂ ಒಂದು ಮಾತು ಸೇರಿಸ್ತಾಳೆ, ಅದು ದೇವರು ಹೇಳಿದ್ದರಲ್ಲಿ ಇಲ್ಲ. ಅಂದ್ರೆ ಕೈ ಹಣ್ಣಿನ ಹತ್ರ ಹೋಗೋದಕ್ಕೆ ಮುಂಚೆನೇ, ದೇವರು ಜಿಪುಣ, ನಮಗೆ ಏನೋ ಒಳ್ಳೇದು ಸಿಗದ ಹಾಗೆ ಇಟ್ಕೊಂಡಿದಾನೆ ಅನ್ನೋ ಅನುಮಾನ ಒಳಗೆ ಬಂದಾಯ್ತು. ತಿಂದ ಮೇಲೆ ಬಚ್ಚಿಟ್ಕೋತಾರೆ. ಕೇಳಿದಾಗ ಆದಾಮ ಹೇಳೋ ಮಾತು ನೋಡಿ, ನೀನೇ ಕೊಟ್ಟ ಹೆಂಗಸು ನನಗೆ ಕೊಟ್ಟಳು ಅಂತ, ಒಂದೇ ಉಸಿರಲ್ಲಿ ಹೆಂಡತಿ ಮೇಲೂ ದೇವರ ಮೇಲೂ ಹಾಕಿಬಿಡ್ತಾನೆ. ಅನುಮಾನ, ಬಚ್ಚಿಟ್ಕೊಳ್ಳೋದು, ಇನ್ನೊಬ್ಬರ ಮೇಲೆ ಹಾಕೋದು, ಈ ಮೂರೂ ಯಾವತ್ತಿನ ಮನೆ ಜಗಳದಲ್ಲೂ ಇರತ್ತೆ, ಈ ಅಧ್ಯಾಯ ಅಷ್ಟು ನಿಜ ಅನ್ಸೋದು ಅದಕ್ಕೇ.

ಪಾಪ ಅನ್ನೋ ಮಾತು 3ನೇ ಅಧ್ಯಾಯದಲ್ಲಿ ಬರೋದೇ ಇಲ್ಲ. ಮೊದಲ ಸಲ ಬರೋದು 4ನೇ ಅಧ್ಯಾಯದ 7ನೇ ವಚನದಲ್ಲಿ, ಆದಾಮನ ಮಗ ಕಾಯಿನನಿಗೆ ದೇವರು ಎಚ್ಚರಿಕೆ ಕೊಡೋವಾಗ, ಪಾಪ ಬಾಗಿಲಲ್ಲಿ ಹೊಂಚು ಹಾಕಿ ಕೂತಿದೆ, ಆದ್ರೆ ನೀನು ಅದನ್ನ ಆಳಬೇಕು ಅಂತ. ಈ ವಚನಕ್ಕೆ ಗೆರೆ ಎಳೆದು ಇಟ್ಕೊಳ್ಳಿ, ಮುಂದೆ ಬೇಕು. ಅದೇ ಅಧ್ಯಾಯದಲ್ಲಿ ಕಾಯಿನ ತಮ್ಮನನ್ನ ಕೊಂದ ಮೇಲೆ, ಕಂಡವರು ನನ್ನನ್ನ ಕೊಲ್ತಾರೆ ಅಂತ ಹೆದರ್ತಾನೆ, ಅವನಿಗೆ ಹೆಂಡತಿ ಇರ್ತಾಳೆ, ಒಂದು ಊರನ್ನೂ ಕಟ್ತಾನೆ. ಯಾರಿಗೆ ಹೆದರಿದ, ಊರು ಕಟ್ಟಿದ್ದು ಯಾರಿಗೆ? ಅವರೆಲ್ಲ ಆದಾಮನ ಬೇರೆ ಮಕ್ಕಳು ಅಂತ ವಿವರಿಸೋರು ಇದಾರೆ, ಆದ್ರೆ ಪಠ್ಯ ಅದನ್ನ ಹೇಳಲ್ಲ. ತೋಟದ ಹೊರಗೂ ಜನ ಇದ್ರು ಅನ್ನೋ ಹಾಗೇ ಕತೆ ನಡೆಯತ್ತೆ.

ಇದು ಡಾರ್ವಿನ್‌ಗೆ ಹೆದರಿ ಹುಟ್ಟಿದ ಓದು ಅಂತ ಯಾರಾದ್ರೂ ಅಂದ್ರೆ, ಡಾರ್ವಿನ್ ಪುಸ್ತಕ ಬಂದಿದ್ದು 1859ರಲ್ಲಿ, ಆದಿಕಾಂಡದ ಶುರುವಿನ ದಿನಗಳನ್ನ ಅಕ್ಷರಶಃ ಓದಬಾರದು ಅಂತ ಆದಿ ಸಭೆಯ ದೈವಶಾಸ್ತ್ರಜ್ಞ ಓರಿಗನ್ ಬರೆದಿದ್ದು ಮೂರನೇ ಶತಮಾನದಲ್ಲಿ ಅಂತ ಹೇಳಿ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಹೇಗೆ ಆಯ್ತು ಅಂತ ಅವನೇ ಕೇಳ್ತಾನೆ. ಅಗಸ್ಟೀನ್ ಕೂಡ, ಭೂಮಿ ಆಕಾಶದ ವಿಷಯ ಚೆನ್ನಾಗಿ ತಿಳ್ಕೊಂಡಿರೋ ಅನ್ಯರ ಮುಂದೆ ಕ್ರೈಸ್ತರು ವೇದವಾಕ್ಯದ ಹೆಸರಲ್ಲಿ ಬಾಯಿಗೆ ಬಂದಿದ್ದು ಮಾತಾಡಿದ್ರೆ, ಆಮೇಲೆ ಪುನರುತ್ಥಾನದ ಬಗ್ಗೆ ನಾವು ಹೇಳೋದನ್ನ ಅವರು ಹೇಗೆ ನಂಬ್ತಾರೆ ಅಂತ ಬೇಜಾರು ಮಾಡ್ಕೊಂಡಿದ್ದ. ಜನ್ಮಪಾಪದ ಬಗ್ಗೆ ಅತಿ ಗಟ್ಟಿಯಾಗಿ ಬರೆದವನೇ ಈ ಮಾತನ್ನೂ ಬರೆದಿದ್ದು.

ವಿಜ್ಞಾನದ ಪುಟದಲ್ಲೂ ಗೊತ್ತಿರೋದನ್ನ ಮಾತ್ರ ಬರೀರಿ

ನಮ್ಮ ಪೂರ್ವಜರೂ ಚಿಂಪಾಂಜಿಗಳ ಪೂರ್ವಜರೂ ಬೇರೆ ಬೇರೆ ದಾರಿ ಹಿಡಿದಿದ್ದು ಸುಮಾರು 60–70 ಲಕ್ಷ ವರ್ಷಗಳ ಹಿಂದೆ. ನಮ್ಮ ಜಾತಿಯ, ಅಂದ್ರೆ ಹೋಮೋ ಸೇಪಿಯನ್ಸ್‌ನ, ಸದ್ಯಕ್ಕೆ ಸಿಕ್ಕಿರೋ ಅತಿ ಹಳೇ ಪಳೆಯುಳಿಕೆ ಮೊರಾಕ್ಕೋದ ಜೆಬೆಲ್ ಇರ್ಹೂದ್‌ನದು, ಸುಮಾರು 3 ಲಕ್ಷ ವರ್ಷದ್ದು. ಆಫ್ರಿಕಾದಿಂದ ಹೊರಗೆ ಬಂದ ನಮ್ಮ ಪೂರ್ವಜರು ನಿಯಾಂಡರ್ಥಾಲರ (ಈಗ ಅಳಿದುಹೋಗಿರೋ ಇನ್ನೊಂದು ಮಾನವ ಗುಂಪಿನ) ಜೊತೆ ಬೆರೆತರು, ಅದರ ಗುರುತು ನಮ್ಮ ಭಾರತೀಯರ ಡಿಎನ್‌ಎಯಲ್ಲೂ ಇದೆ. ಜನಸಂಖ್ಯೆ ವಿಷಯ ಮುಖ್ಯ: ಇಬ್ಬರು ಮನುಷ್ಯರಲ್ಲಿ ಒಂದು ಜೀನ್‌ನ ಹೆಚ್ಚೆಂದ್ರೆ 4 ಬೇರೆ ಬೇರೆ ರೂಪ ಇರೋಕೆ ಸಾಧ್ಯ, ಈವತ್ತು ನಮ್ಮಲ್ಲಿರೋ ವೈವಿಧ್ಯ ಎಷ್ಟಿದೆ, ಹೇಗೆ ಹಂಚಿದೆ ಅಂತ ಲೆಕ್ಕ ಹಾಕಿದ್ರೆ ನಮ್ಮ ಪೂರ್ವಜರ ಗುಂಪು ಸಾವಿರಗಳಲ್ಲಿತ್ತು, ಕಳೆದ ಕೆಲವು ಲಕ್ಷ ವರ್ಷಗಳಲ್ಲಿ ಬರೀ ಇಬ್ಬರಿಗೆ ಇಳಿದಿರಲಿಲ್ಲ ಅಂತ ಬರತ್ತೆ.

ವಾಟ್ಸಾಪ್‌ನಲ್ಲಿ "ವಿಜ್ಞಾನಿಗಳು ಹವ್ವಳನ್ನ ಕಂಡುಹಿಡಿದ್ರು" ಅಂತ ಮೈಟೋಕಾಂಡ್ರಿಯಲ್ ಈವ್ ಬಗ್ಗೆ ಮೆಸೇಜ್ ಬರತ್ತೆ, ಅದನ್ನ ಕ್ಲಾಸಲ್ಲಿ ಬಳಸಬೇಡಿ. ತಾಯಿಯಿಂದ ತಾಯಿಗೆ ಹಿಂದಕ್ಕೆ ಹೋದ್ರೆ ಈಗಿನ ಎಲ್ಲರೂ ಸೇರೋ ಹೆಂಗಸು ಅವಳು, ಅಷ್ಟೇ. ಅವಳ ಕಾಲದಲ್ಲಿ ಇನ್ನೂ ಸಾವಿರಾರು ಹೆಂಗಸರಿದ್ರು. ಪಿಯುಸಿ ಓದೋ ಹುಡುಗಿ ಇದನ್ನ ಒಂದೇ ನಿಮಿಷದಲ್ಲಿ ಹಿಡೀತಾಳೆ, ಹಿಡಿದ ಮೇಲೆ ನೀವು ಹೇಳೋ ಬೇರೆ ಮಾತೂ ಅವಳಿಗೆ ರುಚಿಸಲ್ಲ.

ಈಗ ಎರಡು ಪುಟ ಪಕ್ಕಪಕ್ಕ ಇಡಿ

ಎಲ್ಲಿ ನಿಜವಾಗ್ಲೂ ತಾಕತ್ತೆ? ಸಾವಿನ ವಿಷಯದಲ್ಲಿ ತಾಕತ್ತೆ ಅಂತ ಬಹಳ ಜನ ಅಂದ್ಕೋತಾರೆ, ಮನುಷ್ಯ ಬರೋದಕ್ಕೆ ಮುಂಚೆ ಕೋಟ್ಯಂತರ ವರ್ಷ ಪ್ರಾಣಿಗಳು ಸತ್ತಿವೆಯಲ್ಲ ಅಂತ. ಇದು ಬೇಗ ಬಗೆಹರಿಯತ್ತೆ. 104ನೇ ಕೀರ್ತನೆ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸಿ ದೇವರಿಂದ ಆಹಾರ ಕೇಳ್ತವೆ ಅನ್ನತ್ತೆ, ಅದನ್ನ ಕೆಡುಕು ಅಂತ ನೋಡಲ್ಲ, ದೇವರ ಕೆಲಸ ಅಂತ ಹಾಡತ್ತೆ. ಮನುಷ್ಯ ಪಾಪ ಮಾಡಿದ್ದಕ್ಕೆ ಸಿಂಹ, ಗಿಡುಗದ ಸ್ವಭಾವ ಬದಲಾಯ್ತು ಅನ್ನೋದನ್ನ 13ನೇ ಶತಮಾನದಲ್ಲೇ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ತಳ್ಳಿಹಾಕಿದಾನೆ. ಇನ್ನು ಆದಾಮನಿಗೆ, ತಿಂದ ದಿನವೇ ಸಾಯ್ತೀಯ ಅಂತ ದೇವರು ಹೇಳಿದ್ದು, ಆದ್ರೆ 5ನೇ ಅಧ್ಯಾಯದಲ್ಲಿ ಅವನು 930 ವರ್ಷ ಬದುಕಿದ ಅಂತಿದೆ. ಶಾಶ್ವತವಾಗಿ ಬದುಕೋಕೆ ಜೀವವೃಕ್ಷದ ಹಣ್ಣು ಬೇಕಿತ್ತು ಅಂತ 3ನೇ ಅಧ್ಯಾಯದ ಕೊನೇಲಿದೆ, ಹಾಗಂದ್ರೆ ಸಹಜವಾಗಿ ಅವನು ಸಾಯೋ ಜೀವಿನೇ. ನಾಲ್ಕನೇ ಶತಮಾನದ ಬಿಷಪ್ ಅಥನಾಸಿಯಸ್ ಇದನ್ನೇ ಹೇಳ್ತಾನೆ. ಪಾಪದಿಂದ ಬಂದ ಸಾವು ದೇವರಿಂದ ದೂರ ಆಗಿ ಸಾಯೋ ಸಾವು, ಜೀವಕೋಶ ಸವೆಯೋದಲ್ಲ.

ನಿಜವಾಗಿ ತಾಕೋದು ಎರಡು ಕಡೆ: ಇಬ್ಬರಿಂದಲೇ ಎಲ್ಲರೂ ಬಂದ್ರು ಅನ್ನೋದು, ಆಮೇಲೆ ಪಾಪ ತಲೆಮಾರಿಂದ ತಲೆಮಾರಿಗೆ ಇಳಿಯೋದು ಹೇಗೆ ಅನ್ನೋದು. ಅವೆರಡಕ್ಕೂ ದಾರಿ ಇದೆ, ಆದ್ರೆ ಅದಕ್ಕೆ ಮುಂಚೆ ಒಂದು ಗುಂಡಿ ಇದೆ, ಅದನ್ನ ದಾಟಬೇಕು.

ಪ್ರಾಣಿಸಹಜ ಸ್ವಭಾವವೇ ಪಾಪ ಅಂತ ಮಾತ್ರ ಹೇಳಬೇಡಿ

ವಿಜ್ಞಾನ ಒಪ್ಪೋ ಎಷ್ಟೋ ಒಳ್ಳೇ ಪಾಸ್ಟರ್‌ಗಳು, ಫಾದರ್‌ಗಳು ಹೇಳೋ ಸುಲಭದ ಉತ್ತರ ಇದು: ನಮ್ಮಲ್ಲಿ ಪ್ರಾಣಿಗಳಿಂದ ಬಂದ ಸ್ವಾರ್ಥ, ಸಿಟ್ಟು, ಕಾಮ ಇದೆಯಲ್ಲ, ಅದೇ ಜನ್ಮಪಾಪ ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಇದನ್ನ ಒಪ್ಪಿದ್ರೆ ಮೇಲೆ ಬರೆದ ಮೂರರಲ್ಲಿ ಮೊದಲನೇದೇ ಬಿದ್ದುಹೋಗತ್ತೆ, ಯಾಕಂದ್ರೆ ಆ ಸ್ವಭಾವ ಎವಲ್ಯೂಷನ್‌ನಿಂದ ಬಂತು, ಎವಲ್ಯೂಷನ್ ದೇವರ ಸೃಷ್ಟಿಯ ವಿಧಾನ ಅಂದ್ರೆ ಪಾಪ ಮಾಡಿದ್ದು ದೇವರೇ ಅಂತಾಯ್ತು. ನಾವು ಮಾಡಿದ್ದಕ್ಕೆ ನಾವು ಹೊಣೆ ಅನ್ನೋದೂ ಉಳಿಯಲ್ಲ.

ಒಂದು ಉದಾಹರಣೆ ನಮ್ಮ ಧಾರವಾಡದ್ದೇ ಇದೆ. 1960ರ ದಶಕದ ಶುರುವಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮ ಧಾರವಾಡದ ಸುತ್ತಮುತ್ತ ಮುಸುವಗಳ ಗುಂಪುಗಳನ್ನ ಬಹಳ ಕಾಲ ನೋಡ್ತಾ ಕೂತ್ರು. ಹೊರಗಿನ ಗಂಡು ಮುಸುವಗಳು ಒಂದು ಗುಂಪಿನ ಮೇಲೆ ಬಿದ್ದು ಯಜಮಾನ ಗಂಡನ್ನ ಓಡಿಸಿದ ಮೇಲೆ, ಗೆದ್ದು ಉಳಿದ ಹೊಸ ಗಂಡು ಗುಂಪಿನ ಹಸುಗೂಸುಗಳನ್ನ ಕಚ್ಚಿ ಸಾಯಿಸೋದು, ಮರಿ ಕಳ್ಕೊಂಡ ತಾಯಂದಿರು ಸ್ವಲ್ಪ ದಿನದಲ್ಲೇ ಅದೇ ಗಂಡಿನ ಜೊತೆ ಕೂಡೋದು ಅವರಿಗೆ ಕಾಣ್ತು. ಆಮೇಲೆ ಮೌಂಟ್ ಅಬುನಲ್ಲಿ ಮುಸುವಗಳನ್ನ ನೋಡಿದ ಅಮೆರಿಕದ ವಿಜ್ಞಾನಿ ಸಾರಾ ಹರ್ಡಿ ಇದು ಹುಚ್ಚಾಟ ಅಲ್ಲ, ತನ್ನ ಸಂತಾನ ಬೇಗ ಹುಟ್ಟಿಸ್ಕೊಳ್ಳೋ ದಾರಿ ಅಂತ ವಿವರಿಸಿದ್ರು. ಆ ಗಂಡು ಮುಸುವ ಪಾಪ ಮಾಡ್ತಾ? ಇಲ್ಲ. ನೋಡೋಕೆ ಹೊಟ್ಟೆ ಕಿವುಚತ್ತೆ, ಆದ್ರೂ ಇಲ್ಲ, ಯಾಕಂದ್ರೆ ಅದಕ್ಕೆ "ಇದು ಬೇಡ, ನಾನು ಮಾಡಲ್ಲ" ಅಂತ ನಿಲ್ಲೋ ಶಕ್ತಿ ಇಲ್ಲ, ಮಾಡಬೇಡ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಈಗ ಮುಂದಕ್ಕೆ ಬನ್ನಿ. ಯಾದಗಿರಿ ಜಿಲ್ಲೆ ಹುಣಸಗಿ ಹತ್ರ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೇದು ಅಂತ ಅಂದಾಜು ಮಾಡಿರೋ ಕಲ್ಲಿನ ಆಯುಧ ಮಾಡೋ ಜಾಗ ಸಿಕ್ಕಿದೆ, ಹೋಮೋ ಸೇಪಿಯನ್ಸ್ ಹುಟ್ಟೋಕೆ ಎಷ್ಟೋ ಮುಂಚಿನದು. ಅಲ್ಲಿ ಕೂತು ಕಲ್ಲು ಕೆತ್ತಿದವರು ಪಾಪ ಮಾಡಬಲ್ಲವರಾಗಿದ್ರಾ? ಸ್ಪೇನಿನ ಅಟಪುವೆರ್ಕದ ಗುಹೇಲಿ 4 ಲಕ್ಷ 30 ಸಾವಿರ ವರ್ಷದ ಒಂದು ತಲೆಬುರುಡೆ ಇದೆ, ಎಡಗಣ್ಣಿನ ಮೇಲೆ ಒಂದೇ ಥರದ ಎರಡು ಏಟು, ಒಂದೇ ಆಯುಧದಿಂದ ಬಿದ್ದಿರೋ ಹಾಗಿದೆ, ಆಕಸ್ಮಿಕ ಅಲ್ಲ ಅಂತ 2015ರಲ್ಲಿ ವರದಿ ಆಯ್ತು. ಅದು ಕೊಲೆ. ಆದ್ರೆ ಹೊಡೆದವನಿಗೆ ಇದು ತಪ್ಪು ಅಂತ ಗೊತ್ತಿತ್ತಾ, ಹೊಡೀಬಾರದು ಅಂತ ಒಳಗೆ ಒಂದು ದನಿ ಕೇಳಿತ್ತಾ, ಕೇಳಿಯೂ ಹೊಡೆದನಾ, ಅದನ್ನ ಮೂಳೆ ಹೇಳಲ್ಲ, ಯಾವ ಮೂಳೆಯೂ ಹೇಳೋಕಾಗಲ್ಲ. ಪಾಪ ಶುರುವಾಗೋದು ಆ ದನಿ ಕೇಳಿಯೂ ತಿರುಗಿ ನಿಂತಾಗ. ಕಾಯಿನನಿಗೆ ಮುಸುವಕ್ಕೆ ಬರೋ ಹಾಗೇ ಸಿಟ್ಟು ಬಂತು, ಸಿಟ್ಟು ಬಂದಿದ್ದಕ್ಕೆ ದೇವರು ಶಿಕ್ಷೆ ಕೊಡಲಿಲ್ಲ, ಬದಲಿಗೆ ಮಾತಾಡಿಸಿ, ನೀನು ಅದನ್ನ ಆಳಬೇಕು ಅಂದ. ಆಳೋಕಾಗತ್ತೆ ಅಂತ ಗೊತ್ತಾದ ಮೇಲೂ ಅವನು ತಮ್ಮನ ಜೊತೆ ಹೊಲಕ್ಕೆ ಹೋಗಿ ಅವನನ್ನ ಕೊಂದ.

ಇದಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಯೇಸು. ಮರಿಯಳ ಹೊಟ್ಟೇಲಿ ಅವನು ತಗೊಂಡಿದ್ದು ನಮ್ಮದೇ ದೇಹ, ಲಕ್ಷಾಂತರ ವರ್ಷದ ಚರಿತ್ರೆ ಇರೋ ದೇಹ. ಅರಣ್ಯದಲ್ಲಿ ಹಸಿವಾಯ್ತು, ಗೆತ್ಸೇಮನೆಯಲ್ಲಿ ಸಾವಿನ ಭಯ ಬಂತು, ದೇವಾಲಯದಲ್ಲಿ ಸಿಟ್ಟು ಬಂತು. ಇಬ್ರಿಯರಿಗೆ ಬರೆದ ಪತ್ರ ಅವನು ಎಲ್ಲದರಲ್ಲೂ ನಮ್ಮ ಹಾಗೇ ಶೋಧನೆಗೆ ಒಳಗಾದ, ಆದ್ರೆ ಪಾಪ ಮಾತ್ರ ಇಲ್ಲ ಅನ್ನತ್ತೆ. ವಿಕಾಸದಿಂದ ಬಂದ ಹಸಿವು, ಭಯ, ಸಿಟ್ಟೇ ಪಾಪ ಆಗಿದ್ರೆ ಈ ವಾಕ್ಯ ನಿಲ್ಲೋದೇ ಇಲ್ಲ. ನೀವು ಹುಡುಗರಿಗೆ ಒಂದೇ ಒಂದು ವಿಷಯ ಹೇಳೋಕೆ ಟೈಮ್ ಇದ್ರೆ ಇದನ್ನ ಹೇಳಿ.

ಹಾಗಾದ್ರೆ ಹುಟ್ಟಿನಿಂದ ಇಳಿಯೋದು ಏನು

1546ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ, ಜನ್ಮಪಾಪ ಇಳಿಯೋದು ವಂಶಪರಂಪರೆಯಿಂದ, ಇನ್ನೊಬ್ಬರನ್ನ ನೋಡಿ ಕಲಿಯೋದರಿಂದ ಅಲ್ಲ ಅಂತ ಹೇಳ್ತು. ಇದನ್ನ ಓದಿ ಬಯಾಲಜಿ ಸ್ಟೂಡೆಂಟ್ ಕೇಳ್ತಾನೆ, ಅದು ಯಾವ ಜೀನ್‌ನಲ್ಲಿದೆ ಅಂತ. ಯಾವ ಜೀನ್‌ನಲ್ಲೂ ಇಲ್ಲ. ಆದ್ರೆ ಜೀನ್ ಇಲ್ಲದೆಯೂ ಹುಟ್ಟಿನಿಂದಲೇ ಬರೋದು, ಬರೀ ನೋಡಿ ಕಲಿತದ್ದಲ್ಲದ್ದು, ನಮ್ಮ ಕಣ್ಣ ಮುಂದೇನೇ ಇದೆ, ಜಾತಿ.

ಈಗ ಬದುಕಿರೋ ಯಾರೂ ಅಸ್ಪೃಶ್ಯತೆಯನ್ನ ಶುರು ಮಾಡಿದವರಲ್ಲ. ಅದು ರಕ್ತದಲ್ಲಿಲ್ಲ. ಆದ್ರೆ ಒಂದು ಮಗು ಕಣ್ಣು ಬಿಡೋಕೆ ಮುಂಚೆನೇ ಅದರ ಹೆಸರು, ಕೇರಿ, ಯಾರ ಮನೇಲಿ ನೀರು ಕುಡೀಬಹುದು, ಯಾರನ್ನ ಮದುವೆ ಆಗಬಹುದು, ಎಲ್ಲ ತೀರ್ಮಾನ ಆಗಿರತ್ತೆ. ಮೇಲಿನ ಜಾತೀಲಿ ಹುಟ್ಟಿದ ಕೂಸು ಏನೂ ತಪ್ಪು ಮಾಡಿಲ್ಲ, ಆದ್ರೂ ಅದು ತಪ್ಪಿನ ಒಳಗೇ ಹುಟ್ಟತ್ತೆ, ಮಾತು ಬರೋ ಹೊತ್ತಿಗೆ ಯಾರ ಪಕ್ಕ ಕೂರಬಾರದು ಅಂತ ಅದಕ್ಕೆ ಗೊತ್ತಾಗಿರತ್ತೆ, ದೊಡ್ಡದಾಗಿ ತಾನೇ ಅದನ್ನ ಮಾಡತ್ತೆ, ಆಗ ಅದು ಅದರದ್ದೇ ಪಾಪ. ಒಬ್ಬನೇ ಒಳ್ಳೆಯವನಾಗಿ ತೀರ್ಮಾನ ಮಾಡಿದ್ರೆ ಇದರಿಂದ ಪೂರ್ತಿ ಹೊರಗೆ ಬರೋಕಾಗಲ್ಲ. ದೀಕ್ಷಾಸ್ನಾನ ಆದ ಮೇಲೂ ನಮ್ಮ ದೇಶದ ಎಷ್ಟೋ ಚರ್ಚ್‌ಗಳಲ್ಲಿ ಬೇರೆ ಸಾಲು, ಬೇರೆ ಸಮಾಧಿ ಜಾಗ ಇದ್ದಿದ್ದು ನಮಗೆಲ್ಲ ಗೊತ್ತಿರೋದೇ. ಯಾವ ಮುಸುವವೂ ಇದನ್ನ ಮಾಡಲ್ಲ, ಇದು ಮನುಷ್ಯನೇ ಕಟ್ಟಿದ್ದು. ಪೌಲ ರೋಮಾಪುರದವರಿಗೆ ಪಾಪ ಲೋಕದೊಳಗೆ ಬಂದು ಆಳ್ತಿದೆ ಅಂತ ಬರೆಯೋವಾಗ ಪಾಪವನ್ನ ಒಬ್ಬ ದೊರೆ ಅನ್ನೋ ಹಾಗೆ ಯಾಕೆ ಮಾತಾಡ್ತಾನೆ ಅಂತ ಇದನ್ನ ನೋಡಿದವರಿಗೆ ಬೇಗ ಅರ್ಥ ಆಗತ್ತೆ.

ಜನ್ಮಪಾಪ ಬರೀ ಸಮಾಜದ ಕೆಡುಕು ಅಂತ ನಾನು ಹೇಳ್ತಿಲ್ಲ. ಅದರ ಬುಡದಲ್ಲಿ ದೇವರ ಜೊತೆ ಇರಬೇಕಾದ ಸಂಬಂಧವೇ ಇಲ್ಲದೆ ಹುಟ್ಟೋದು ಇದೆ. ಆದ್ರೆ "ಹುಟ್ಟಿನಿಂದ" ಅನ್ನೋ ಮಾತಿಗೆ ಡಿಎನ್‌ಎ ಬೇಕಾಗಿಲ್ಲ ಅನ್ನೋದಕ್ಕೆ ಜಾತಿಗಿಂತ ಸ್ಪಷ್ಟವಾದ ಸಾಕ್ಷಿ ನಮ್ಮ ಊರುಗಳಲ್ಲಿ ಇನ್ನೊಂದಿಲ್ಲ.

ಆದಾಮ ಯಾರು: ಮೂರು ದಾರಿ, ನಿಮಗೆ ಒಪ್ಪೋದನ್ನ ಹಿಡೀರಿ

ಒಂದನೇ ದಾರಿ, ಸಾವಿರಾರು ಜನರ ಮಧ್ಯೆ ದೇವರು ಒಂದು ಜೋಡಿಯನ್ನ ಆರಿಸಿ ತನ್ನ ಪರಿಚಯ ಕೊಟ್ಟ, ಅವರು ಎಲ್ಲರ ಪರವಾಗಿ ನಿಂತಿದ್ರು ಅನ್ನೋದು. ತತ್ವಶಾಸ್ತ್ರಜ್ಞ ಕೆನೆತ್ ಕೆಂಪ್ 2011ರಲ್ಲಿ ಇದರ ಒಂದು ಕಥೋಲಿಕ ರೂಪ ಮುಂದಿಟ್ರು: ದೇಹದಲ್ಲಿ ಮನುಷ್ಯರಂತಿದ್ದ ಸಾವಿರಾರು ಜನರಲ್ಲಿ ಇಬ್ಬರಿಗೆ ದೇವರು ವಿವೇಕದ ಆತ್ಮ ಕೊಟ್ಟ, ಅವರ ಮಕ್ಕಳು ಉಳಿದವರ ಜೊತೆ ಬೆರೆತರು, ಕೊನೆಗೆ ಎಲ್ಲರೂ ಅವರ ವಂಶದವರಾದ್ರು ಅಂತ. ವಂಶಾವಳಿ ಲೆಕ್ಕ ಇದಕ್ಕೆ ಅಡ್ಡ ಬರಲ್ಲ, ಯಾಕಂದ್ರೆ ವಂಶಾವಳಿ ಬೇರೆ, ಡಿಎನ್‌ಎ ಬೇರೆ. ಹತ್ತು ತಲೆಮಾರು ಹಿಂದೆ ಹೋದ್ರೆ ನಮಗೆ 1024 ಪೂರ್ವಜರ ಜಾಗ, ಇನ್ನೂ ಹಿಂದೆ ಹೋದ ಹಾಗೆ ಅವರಲ್ಲಿ ಬಹಳ ಜನರ ಡಿಎನ್‌ಎ ನಮ್ಮಲ್ಲಿ ಒಂದು ಚೂರೂ ಇರಲ್ಲ, ಆದ್ರೂ ಅವರು ಪೂರ್ವಜರೇ. ಈಗಿನ ಎಲ್ಲ ಮನುಷ್ಯರಿಗೂ ವಂಶಾವಳಿಯ ಲೆಕ್ಕದಲ್ಲಿ ಒಬ್ಬ ಸಾಮಾನ್ಯ ಪೂರ್ವಜ ಬರೀ ಕೆಲವು ಸಾವಿರ ವರ್ಷದ ಹಿಂದೆನೇ ಇದ್ದಿರಬಹುದು ಅಂತ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರ ತೋರಿಸ್ತು. ಜೀವವಿಜ್ಞಾನಿ ಜೋಶುವಾ ಸ್ವಾಮಿದಾಸ್ ಆಮೇಲೆ ಇದನ್ನೇ ಆದಾಮನ ಪ್ರಶ್ನೆಗೆ ಜೋಡಿಸಿದ್ರು. ಕಾಯಿನನ ಹೆಂಡತಿ ಪ್ರಶ್ನೆಗೂ ಉತ್ತರ ಸಿಗತ್ತೆ. ನನಗೆ ಕಸಿವಿಸಿ ಆಗೋದು ಒಂದೇ ಕಡೆ, ಆರೇಳು ಸಾವಿರ ವರ್ಷದ ಹಿಂದೆ ಅಂತ ಇಟ್ಟರೆ ಅದಕ್ಕೂ ಮುಂಚೆ ಗುಹೆಗಳಲ್ಲಿ ಚಿತ್ರ ಬರೆದವರು, ಸತ್ತವರನ್ನ ಹೂಳಿದವರು ಮನುಷ್ಯರೇ ಅಲ್ಲ ಅನ್ನೋ ಮಾತಿಗೆ ಜಾರಬಹುದು, ಅದನ್ನ ಬಾಯಲ್ಲಿ ಹೇಳೋಕೂ ಆಗಲ್ಲ. ಹಾಗಾಗಿ ಈ ದಾರಿ ಹಿಡಿಯೋರು ಆ ಜೋಡಿಯನ್ನ ಬಹಳ ಹಿಂದಕ್ಕೆ ಇಡೋದು ಒಳ್ಳೇದು.

ಎರಡನೇದು, ಆದಾಮ ಅಂದ್ರೆ ಮೊದಲ ಮನುಷ್ಯ ಸಮುದಾಯ, ದೇವರನ್ನ ಮೊದಲು ಅರಿತವರು ಮೊದಲು ತಿರುಗಿ ನಿಂತ್ರು, ಅದು ಎಲ್ಲರಿಗೂ ಹಬ್ಬಿತು ಅನ್ನೋದು. ನನ್ನ ಒಲವು ಇದರ ಕಡೆ, ಯಾಕಂದ್ರೆ ಪಾಪಕ್ಕೆ ಒಂದು ನಿಜವಾದ ಶುರು ಇದರಲ್ಲೂ ಉಳಿಯತ್ತೆ, ದೇವರ ಮೇಲೂ ಬರಲ್ಲ. ಕಥೋಲಿಕರು ಒಂದು ವಿಷಯ ಗಮನದಲ್ಲಿ ಇಟ್ಕೋಬೇಕು: 1950ರಲ್ಲಿ 12ನೇ ಪಯಸ್ ಪೋಪರು ಮನುಷ್ಯ ದೇಹದ ವಿಕಾಸದ ಬಗ್ಗೆ ಚರ್ಚೆ ಆಗಬಹುದು ಅಂದ್ರು, ಆದ್ರೆ ಆದಾಮ ಅಂದ್ರೆ ಬಹಳ ಜನ ಅನ್ನೋದು ಜನ್ಮಪಾಪದ ಬೋಧನೆಗೆ ಹೇಗೆ ಹೊಂದತ್ತೆ ಅಂತ ಕಾಣ್ತಿಲ್ಲ ಅಂತಲೂ ಬರೆದ್ರು. 1996ರಲ್ಲಿ 2ನೇ ಜಾನ್ ಪೌಲ್ ಎವಲ್ಯೂಷನ್ ಬರೀ ಊಹೆಗಿಂತ ಹೆಚ್ಚಿನದು ಅಂತ ಒಪ್ಪಿದ್ರು. ಧರ್ಮೋಪದೇಶದ 390ನೇ ಪ್ಯಾರಾ ಆದಿಕಾಂಡ 3 ಸಾಂಕೇತಿಕ ಭಾಷೇಲಿದೆ, ಆದ್ರೆ ಮಾನವ ಚರಿತ್ರೆಯ ಆರಂಭದಲ್ಲಿ ನಿಜವಾಗಿ ನಡೆದದ್ದನ್ನ ಹೇಳತ್ತೆ ಅನ್ನತ್ತೆ. ಈ ಚೌಕಟ್ಟಿನೊಳಗೆ ನಿಂತೇ ದೈವಶಾಸ್ತ್ರಜ್ಞರು ಇನ್ನೂ ಮಾತಾಡ್ತಿದಾರೆ.

ಮೂರನೇದು, ಆದಾಮ ನಾವೆಲ್ಲರೂ, ಪ್ರತಿಯೊಬ್ಬರ ಕತೆ ಅದು ಅನ್ನೋದು. ಪ್ರಸಂಗದಲ್ಲಿ ಚೆನ್ನಾಗಿರತ್ತೆ, ಆದ್ರೆ ಇದೊಂದೇ ಸಾಲಲ್ಲ. ಎಲ್ಲರೂ ತಪ್ಪದೆ ಬೀಳೋದು ಯಾಕೆ ಅನ್ನೋದಕ್ಕೆ ಇದರಲ್ಲಿ ಉತ್ತರ ಇಲ್ಲ.

ರೋಮಾಪುರ 5ನ್ನ ಕೊನೆಯಿಂದ ಹಿಡೀರಿ

ಆದಾಮನ ಬಗ್ಗೆ ಹಳೇ ಒಡಂಬಡಿಕೆ ಆದಿಕಾಂಡ 5 ಆದ ಮೇಲೆ ಹೆಚ್ಚುಕಮ್ಮಿ ಮಾತೇ ಆಡಲ್ಲ, ವಂಶಾವಳಿಯಲ್ಲಿ ಹೆಸರು ಬರತ್ತೆ ಅಷ್ಟೇ. ಯೆಹೂದ್ಯರು ಅದೇ ಅಧ್ಯಾಯ ಓದ್ಕೊಂಡು ಬಂದ್ರೂ ಅವರಲ್ಲಿ ಜನ್ಮಪಾಪದ ಬೋಧನೆ ಬೆಳೀಲಿಲ್ಲ. ಪೌಲನಿಗೆ ಆದಾಮ ಅಷ್ಟು ದೊಡ್ಡದಾಗಿ ಕಂಡಿದ್ದು ಎದ್ದುಬಂದ ಕ್ರಿಸ್ತನನ್ನ ಕಂಡ ಮೇಲೆ. ಇಷ್ಟು ದೊಡ್ಡ ಬಿಡುಗಡೆ ಎಲ್ಲರಿಗೂ ಬೇಕಾಯ್ತು ಅಂದ್ರೆ ಬಂಧನವೂ ಎಲ್ಲರದ್ದೂ ಆಗಿರಬೇಕು ಅಂತ ಅವನ ಯೋಚನೆ ಹಿಂದಕ್ಕೆ ಹೋಗತ್ತೆ. ಅದಕ್ಕೇ 15ನೇ ವಚನದಿಂದ ಕೊನೆವರೆಗೂ ಮತ್ತೆ ಮತ್ತೆ ಕೃಪೆಯೇ ಹೆಚ್ಚು, ಇನ್ನೂ ಹೆಚ್ಚು ಅಂತ ಒತ್ತಿ ಹೇಳ್ತಾನೆ. ಹುಡುಗರ ಜೊತೆ ಓದೋವಾಗ, ಒಬ್ಬ ಮನುಷ್ಯನಿಂದ ಪಾಪ ಲೋಕದೊಳಗೆ ಬಂತು ಅನ್ನೋ 12ನೇ ವಚನದಲ್ಲೇ ನಿಂತು ಗಂಟೆಗಟ್ಟಲೆ ವಾದ ಮಾಡಬೇಡಿ, 20, 21ನೇ ವಚನ ಮೊದಲು ಓದಿಸಿ, ಆಮೇಲೆ ಹಿಂದಕ್ಕೆ ಬನ್ನಿ.

ಕೊನೆಗೆ ಮನೆ, ಚರ್ಚ್‌ನಲ್ಲಿ ಮಾತಾಡೋವಾಗ

ನಮ್ಮ ಅಕ್ಕಪಕ್ಕದವರು ಜನ್ಮಪಾಪ ಅಂದ್ರೆ ಹಿಂದಿನ ಜನ್ಮದ ಕರ್ಮ ಅಂತ ತಿಳ್ಕೊಳ್ಳೋದು ಸಹಜ, ನಮ್ಮ ಮಕ್ಕಳೂ ಎಷ್ಟೋ ಸಲ ಹಾಗೇ ತಿಳ್ಕೊಂಡಿರ್ತಾರೆ. ಅಂಗವಿಕಲ ಮಗು ಹುಟ್ಟಿದ್ರೆ ಅದರ ಪಾಪ, ತಾಯಿಯ ಪಾಪ ಅಂತ ಮಾತಾಡೋದನ್ನ ಅಲ್ಲೇ ನಿಲ್ಲಿಸಿ. ಯೋಹಾನ 9ರಲ್ಲಿ ಹುಟ್ಟುಕುರುಡನ ಬಗ್ಗೆ ಶಿಷ್ಯರು ಇದೇ ಕೇಳಿದಾಗ ಯೇಸು ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಅಲ್ಲ ಅಂದ. ಮ್ಯುಟೇಷನ್‌ನಿಂದ, ಅಂದ್ರೆ ಜೀನ್‌ನಲ್ಲಾಗೋ ಬದಲಾವಣೆಯಿಂದ, ಬರೋ ಕಾಯಿಲೆಗೂ ಯಾರ ನೈತಿಕ ತಪ್ಪಿಗೂ ಸಂಬಂಧ ಇಲ್ಲ.

ಜ್ಞಾನಸ್ನಾನಕ್ಕೆ ಮುಂಚೆನೇ ಮಗುನ ಕಳ್ಕೊಂಡ ತಾಯಿ ಆ ಗುಂಪಿನಲ್ಲಿರಬಹುದು ಅನ್ನೋದು ನೆನಪಿರಲಿ. ಅಗಸ್ಟೀನ್ ಅಂಥ ಮಕ್ಕಳಿಗೂ ಅತಿ ಸೌಮ್ಯವಾದ್ರೂ ಶಿಕ್ಷೆ ಇದೆ ಅಂದಿದ್ದ, ಸಭೆ ಅಲ್ಲಿ ನಿಲ್ಲಲಿಲ್ಲ, 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಆ ಮಕ್ಕಳ ರಕ್ಷಣೆಗೆ ಭರವಸೆ ಇಡೋಕೆ ಗಟ್ಟಿ ಕಾರಣಗಳಿವೆ ಅಂತ ಹೇಳ್ತು. ಆ ತಾಯಿಗೆ ಮೊದಲು ಇದನ್ನ ಹೇಳಿ, ಬಯಾಲಜಿ ಆಮೇಲೆ.

ನಿಮ್ಮ ಪಾಸ್ಟರ್ ಒಪ್ಪದಿದ್ರೆ ಅವರ ಬೆನ್ನ ಹಿಂದೆ ಪಾಠ ಶುರು ಮಾಡಬೇಡಿ. ಮೊದಲು ಅವರ ಜೊತೆ ಕೂತು ಆ ಮೂರು ಸಾಲಿನ ಪುಟ ತೋರಿಸಿ, ಇವನ್ನ ಬಿಟ್ಟುಕೊಡ್ತಿಲ್ಲ ಅಂತ ಹೇಳಿ, ಆಮೇಲೆ ಉಳಿದದ್ದು ಮಾತಾಡಿ. ಹುಡುಗರ ಜೊತೆ ಮೊದಲ ಸಲ ಕೂರೋವಾಗ ಪಳೆಯುಳಿಕೆ, ಡಿಎನ್‌ಎ ಯಾವುದನ್ನೂ ತೆಗೀಬೇಡಿ, ಆದಿಕಾಂಡ 4ನ್ನ ಗಟ್ಟಿಯಾಗಿ ಓದಿಸಿ, ಸಿಟ್ಟು ಬಂದಿದ್ದೇ ಪಾಪಾನಾ, ಹೊಲಕ್ಕೆ ಹೋಗಿದ್ದು ಪಾಪಾನಾ ಅಂತ ಕೇಳಿ, ಅವರು ಮಾತಾಡಲಿ.